ಐತಿಹ್ಯದೊಳಗಿನ ಸತ್ಯದ ಕಾಳು: ಇಂಗ್ಲಿಷಿನ ಮೂಲಕ ಬಂದ ಪೋಲಿಷ್ ಕಥನಗಳು

1905ರಲ್ಲಿ ಹೆನ್ರಿಕ್ ಸಿಯೆಂಕೆವಿಚ್‌ಗೆ ಸಾಹಿತ್ಯದ ನೊಬೆಲ್ ಪ್ರಶಸ್ತಿ ಬಂದಾಗ ಭೂಪಟದಲ್ಲಿ ಪೋಲೆಂಡ್ ಎಂಬ ದೇಶವೇ ಇರಲಿಲ್ಲ. 1795ರಲ್ಲಿ ರಷ್ಯಾ, ಪ್ರಷ್ಯಾ, ಆಸ್ಟ್ರಿಯಾಗಳು ಅದನ್ನು ಕೊನೆಯ ಬಾರಿಗೆ ಹಂಚಿಕೊಂಡ ಮೇಲೆ 1918ರವರೆಗೆ ಪೋಲಿಷರಿಗೆ ಉಳಿದಿದ್ದ ನಾಡೆಂದರೆ ಅವರ ಭಾಷೆ. ಹೀಗಾಗಿ ಅಲ್ಲಿನ ಕಾದಂಬರಿಕಾರನ ಹೆಗಲಿಗೆ ದೇಶದ ಹೊರೆಯೂ ಬಿತ್ತು. ಜೆರೆಮಿಯಾ ಕರ್ಟಿನ್ ಇಂಗ್ಲಿಷಿಗೆ ತಂದ ‘ಕ್ವೊ ವಾಡಿಸ್’ ನೀರೋನ ರೋಮಿನ ಕಥೆ. ಆದರೂ ದಮನಕ್ಕೊಳಗಾದ ಒಂದು ಸಮುದಾಯ ಸಾಮ್ರಾಜ್ಯಕ್ಕಿಂತ ಹೆಚ್ಚು ಕಾಲ ಬಾಳುತ್ತದೆ ಎಂಬ ಅದರ ಧ್ವನಿಯನ್ನು ಪೋಲಿಷ್ ಓದುಗರು ತಮ್ಮ ಪಾಡಿಗೆ ಅನ್ವಯಿಸಿಕೊಂಡೇ ಓದಿದರು.

ನಂತರದ ಒಂದು ಶತಮಾನದಲ್ಲಿ ಚಿತ್ರ ಬದಲಾಗಿದೆ. ಇಂದು ಇಂಗ್ಲಿಷ್ ಬಲ್ಲ ಸಾಮಾನ್ಯ ಓದುಗ ಪೋಲೆಂಡನ್ನು ಬಲ್ಲದ್ದು ಬಹುಮಟ್ಟಿಗೆ ವೈಜ್ಞಾನಿಕ ಕಥನ, ಅದ್ಭುತ ಕಥನ, ಪತ್ತೇದಾರಿ ಕಾದಂಬರಿಗಳ ಮೂಲಕ. ಇವು ವಿಮರ್ಶೆಯ ಪಂಕ್ತಿಯಲ್ಲಿ ಬಹುಕಾಲ ಹೊರಗೆ ನಿಂತ ಪ್ರಕಾರಗಳು. ಇವುಗಳೊಳಗೆ ಏನು ಬಂದಿದೆ, ಬರುವ ದಾರಿಯಲ್ಲಿ ಏನು ಉಳಿಯಿತು, ಏನು ಕಳೆಯಿತು ಎಂಬುದನ್ನು ನೋಡುವುದು ಅನುವಾದದ ಅಧ್ಯಯನಕ್ಕೂ ಸಾಹಿತ್ಯದ ಅಧ್ಯಯನಕ್ಕೂ ಉಪಯುಕ್ತ.

ಈ ವಿಚಾರಕ್ಕೆ ಮೊದಲ ನಿದರ್ಶನ ಸ್ತಾನಿಸ್ವಾಫ್ ಲೆಮ್‌ನ ‘ಸೊಲಾರಿಸ್’. ಪೋಲಿಷ್ ಮೂಲ 1961ರದು. ಇಂಗ್ಲಿಷ್ ಆವೃತ್ತಿ 1970ರದು. ಆದರೆ ಆ ಇಂಗ್ಲಿಷ್ ಪೋಲಿಷಿನಿಂದ ಬಂದದ್ದಲ್ಲ. ಜೊವಾನಾ ಕಿಲ್ಮಾರ್ಟಿನ್ ಮತ್ತು ಸ್ಟೀವ್ ಕಾಕ್ಸ್ ಫ್ರೆಂಚ್ ಅನುವಾದವನ್ನು ಮುಂದಿಟ್ಟುಕೊಂಡು ಅದನ್ನು ಸಿದ್ಧಪಡಿಸಿದರು. ಇಂಗ್ಲಿಷ್ ಓದಬಲ್ಲವನಾಗಿದ್ದ ಲೆಮ್‌ಗೆ ಅದು ತೃಪ್ತಿ ತರಲಿಲ್ಲ. ಆದರೂ ನಾಲ್ಕು ದಶಕಗಳ ಕಾಲ ಇಂಗ್ಲಿಷಿನಲ್ಲಿ ‘ಸೊಲಾರಿಸ್’ ಎಂದರೆ ಅದೇ ಆಗಿತ್ತು. ಮೂಲದಿಂದ ನೇರವಾಗಿ ಬಿಲ್ ಜಾನ್‌ಸ್ಟನ್ ಮಾಡಿದ ಅನುವಾದ ಹೊರಬಂದದ್ದು 2011ರಲ್ಲಿ, ಲೆಮ್ ತೀರಿಕೊಂಡು ಐದು ವರ್ಷಗಳಾದ ಮೇಲೆ. ಅದೂ ಮೊದಲು ಧ್ವನಿಪುಸ್ತಕವಾಗಿ.

ಕಾದಂಬರಿಯ ವಸ್ತುವನ್ನು ಬಲ್ಲವರಿಗೆ ಈ ಇತಿಹಾಸ ವಿಚಿತ್ರವಾಗಿ ಕಾಣದಿರದು. ಸಾಗರವೊಂದು ಇಡಿಯಾಗಿ ಆವರಿಸಿದ ಗ್ರಹದ ಮೇಲಿನ ನಿಲ್ದಾಣಕ್ಕೆ ಕೆಲ್ವಿನ್ ಬರುತ್ತಾನೆ. ಆತ್ಮಹತ್ಯೆ ಮಾಡಿಕೊಂಡಿದ್ದ ಅವನ ಹೆಂಡತಿ ಅಲ್ಲಿ ಅವನೆದುರು ಪ್ರತ್ಯಕ್ಷಳಾಗುತ್ತಾಳೆ. ಆ ಸಾಗರ ಅವನ ನೆನಪಿನಿಂದಲೇ ತೆಗೆದು ರೂಪಿಸಿದ ಪ್ರತಿ ಅವಳು. ತಾನು ಮೂಲವಲ್ಲ, ಪ್ರತಿ ಎಂಬ ಅರಿವು ಅವಳಲ್ಲಿ ಮೆಲ್ಲಮೆಲ್ಲಗೆ ಮೂಡುವುದೇ ಕಾದಂಬರಿಯ ನಿಜವಾದ ದುರಂತ. ಪೋಲಿಷಿನಲ್ಲಿ ಅವಳ ಹೆಸರು ಹರೇ. 1970ರ ಇಂಗ್ಲಿಷಿನಲ್ಲಿ ಅಕ್ಷರಗಳು ಸ್ಥಾನಪಲ್ಲಟಗೊಂಡು ರೇಯಾ ಎಂದಾಯಿತು. ಸ್ನಾಉತ್ ಎಂಬ ವಿಜ್ಞಾನಿ ಸ್ನೋ ಆದ. ಪ್ರತಿಯ ಸಂಕಟವನ್ನು ಹೇಳುವ ಕೃತಿಯನ್ನು ಓದುಗರು ಪ್ರತಿಯ ಪ್ರತಿಯಲ್ಲಿ ಓದಿದರು. ಆದರೂ ಆ ಸಂಕಟ ಅವರನ್ನು ಮುಟ್ಟಿತು ಎಂಬುದೂ ಅಷ್ಟೇ ನಿಜ.

ಇದಕ್ಕೆ ಎದುರಾಗಿ ಇಡಬೇಕಾದದ್ದು ಮೈಕೆಲ್ ಕ್ಯಾಂಡೆಲ್ 1974ರಲ್ಲಿ ಇಂಗ್ಲಿಷಿಗೆ ತಂದ ಲೆಮ್‌ನ ‘ಸೈಬೀರಿಯಾಡ್’. ಯಂತ್ರನಿರ್ಮಾಪಕರಾದ ಇಬ್ಬರು ಯಂತ್ರಮಾನವರ ಈ ವಿನೋದ ಕಥೆಗಳು ಪದಚಮತ್ಕಾರದ ಮೇಲೆಯೇ ನಿಂತಿವೆ. ಒಂದು ಕಥೆಯಲ್ಲಿ ಕವಿತೆ ಕಟ್ಟುವ ಯಂತ್ರವು ಪ್ರತಿಯೊಂದು ಪದವೂ ಒಂದೇ ಅಕ್ಷರದಿಂದ ಆರಂಭವಾಗುವ ಪದ್ಯವನ್ನು ರಚಿಸುತ್ತದೆ. ಅಂತಹುದನ್ನು ಅನುವಾದಿಸಲಾಗದು. ಕ್ಯಾಂಡೆಲ್ ಬೇರೊಂದು ಅಕ್ಷರವನ್ನೂ ಬೇರೊಂದು ಪದ್ಯವನ್ನೂ ತಾನೇ ಹುಟ್ಟಿಸಿದ. ಇನ್ನೊಂದು ಕಥೆಯ ಯಂತ್ರ ‘ನ’ಕಾರದಿಂದ ಆರಂಭವಾಗುವ ಏನನ್ನಾದರೂ ಮಾಡಬಲ್ಲದು. ‘ಏನೂ ಇಲ್ಲ’ವನ್ನು ಮಾಡು ಎಂಬ ಆಜ್ಞೆಯಾದಾಗ ಅದು ಲೋಕವನ್ನೇ ಒಂದೊಂದಾಗಿ ಇಲ್ಲವಾಗಿಸತೊಡಗುತ್ತದೆ. ಪೋಲಿಷಿನ ‘ನಿತ್ಸ್’, ಇಂಗ್ಲಿಷಿನ ‘ನಥಿಂಗ್’ ಎರಡೂ ನಕಾರಾದಿಗಳಾಗಿರುವುದು ಅನುವಾದಕನ ಭಾಗ್ಯ. ಸ್ಯಾದ್ವಾದದ ‘ನಾಸ್ತಿ’ಯನ್ನು ಬಲ್ಲ ಕನ್ನಡಕ್ಕೂ ಆ ಭಾಗ್ಯ ಉಂಟು. ಲೆಮ್‌ನನ್ನು ಕ್ಯಾಂಡೆಲ್‌ನ ಇಂಗ್ಲಿಷಿನಲ್ಲಿ ಓದುವವರು ಇಬ್ಬರು ಲೇಖಕರನ್ನು ಒಟ್ಟಿಗೆ ಓದುತ್ತಾರೆ.

ಅದ್ಭುತ ಕಥನದ ಕಡೆಗೆ ಬಂದರೆ ಆಂಜೆಯ್ ಸಪ್ಕೋವ್‌ಸ್ಕಿಯ ಹೆಸರು ಮೊದಲು ಬರುತ್ತದೆ. 1986ರಲ್ಲಿ ‘ಫಾಂತಾಸ್ತಿಕಾ’ ಪತ್ರಿಕೆಯ ಕಥಾಸ್ಪರ್ಧೆಗೆಂದು ಬರೆದ ‘ವಿಯೆಜ್ಮಿನ್’ ಎಂಬ ಕಥೆಗೆ ಮೂರನೆಯ ಬಹುಮಾನ ಬಂದಿತ್ತು. ಶೀರ್ಷಿಕೆಯ ಪದವನ್ನು ಸಪ್ಕೋವ್‌ಸ್ಕಿ ತಾನೇ ಟಂಕಿಸಿದ. ಮಾಟಗಾತಿ ಎಂಬರ್ಥದ ‘ವಿಯೆಜ್ಮಾ’ ಎಂಬ ಸ್ತ್ರೀಲಿಂಗ ಪದಕ್ಕೆ ಅವನು ಕಟ್ಟಿದ ಪುಲ್ಲಿಂಗ ರೂಪ ಅದು. ಅದರ ಮೂಲದಲ್ಲಿರುವುದು ‘ತಿಳಿ’ ಎಂಬರ್ಥದ ಸ್ಲಾವಿಕ್ ಧಾತು. ಸಂಸ್ಕೃತದ ‘ವಿದ್’ ಧಾತುವಿಗೆ ಅದು ಜ್ಞಾತಿ. ಹಾಗಾಗಿ ಆ ಪದದ ಬೇರಿನಲ್ಲಿ ‘ಬಲ್ಲವನು’ ಎಂಬ ಅರ್ಥವೂ ಅಡಗಿದೆ. ಇಂಗ್ಲಿಷಿನ ‘ವಿಚರ್’ ಎಂಬ ಪದ ಮಾಟವನ್ನು ಉಳಿಸಿಕೊಂಡಿತು, ತಿಳಿವನ್ನು ಬಿಟ್ಟುಕೊಟ್ಟಿತು.

ಕಳೆದುದು ಇದೊಂದೇ ಅಲ್ಲ. ಡನೂಶಾ ಸ್ಟಾಕ್ ಅನುವಾದಿಸಿದ ‘ದ ಲಾಸ್ಟ್ ವಿಶ್’ 2007ರಲ್ಲಿ ಬಂದಿತು. ಮರುವರ್ಷವೇ ಕಾದಂಬರಿ ಸರಣಿಯ ಮೊದಲ ಸಂಪುಟ ಬಂದಿತು. ಇವೆರಡರ ನಡುವೆ ಓದಬೇಕಾಗಿದ್ದ ‘ಸೋರ್ಡ್ ಆಫ್ ಡೆಸ್ಟಿನಿ’ ಕಥಾಸಂಕಲನ ಡೇವಿಡ್ ಫ್ರೆಂಚ್ ಅನುವಾದದಲ್ಲಿ ಹೊರಬಂದದ್ದು 2015ರಲ್ಲಿ. ನಾಯಕ ಗೆರಾಲ್ಟ್ ಮತ್ತು ಬಾಲೆ ಸಿರಿ ಮೊದಲು ಭೇಟಿಯಾಗುವುದು ಆ ಸಂಕಲನದಲ್ಲಿ. ತಂದೆ ಮಗಳಂತಹ ಆ ನಂಟು ಹೇಗೆ ಹುಟ್ಟಿತೆಂಬುದನ್ನು ಅರಿಯದೆಯೇ ಇಂಗ್ಲಿಷ್ ಓದುಗರು ಏಳು ವರ್ಷ ಅದರ ಪರಿಣಾಮಗಳನ್ನು ಓದುತ್ತಿದ್ದರು. ಅನುವಾದದಲ್ಲಿ ನಷ್ಟವಾಗುವುದು ಪದಗಳಷ್ಟೇ ಎಂದು ತಿಳಿಯುವುದು ವಾಡಿಕೆ. ಪ್ರಕಟಣೆಯ ಕ್ರಮ ತಪ್ಪಿದರೆ ಕಥೆಯ ಕಾರ್ಯಕಾರಣ ಸಂಬಂಧವೇ ಕಡಿದುಹೋಗುತ್ತದೆ.

‘ದ ಲಾಸ್ಟ್ ವಿಶ್’ ಸಂಕಲನದಲ್ಲಿ ‘ಸತ್ಯದ ಒಂದು ಕಾಳು’ ಎಂಬ ಅರ್ಥದ ಹೆಸರುಳ್ಳ ಕಥೆಯೊಂದಿದೆ. ಸುಂದರಿ ಮತ್ತು ಮೃಗದ ಪ್ರಸಿದ್ಧ ಕಥೆಯನ್ನು ಸಪ್ಕೋವ್‌ಸ್ಕಿ ಅಲ್ಲಿ ತಿರುಗಿಸಿ ಬರೆದಿದ್ದಾನೆ. ಪ್ರತಿಯೊಂದು ಐತಿಹ್ಯದಲ್ಲೂ ಒಂದು ಕಾಳಿನಷ್ಟು ಸತ್ಯವಿರುತ್ತದೆ ಎಂಬ ಲೋಕರೂಢಿಯ ಮಾತು ಆ ಹೆಸರಿನ ಹಿಂದಿದೆ. ಅಜ್ಜಿಕಥೆಯ ಸಂದರ್ಭದಲ್ಲಿ ಇದು ನಿರಪಾಯವಾದ ಮಾತು.

ಅದೇ ಹೆಸರನ್ನು ಝಿಗ್ಮುಂತ್ ಮಿವೊಶೆವ್‌ಸ್ಕಿ 2011ರಲ್ಲಿ ತನ್ನ ಪತ್ತೇದಾರಿ ಕಾದಂಬರಿಗೆ ಇಟ್ಟ. ಆಂತೋನಿಯಾ ಲಾಯ್ಡ್-ಜೋನ್ಸ್ ಮರುವರ್ಷ ಅದನ್ನು ಇಂಗ್ಲಿಷಿಗೆ ತಂದರು. ಇಲ್ಲಿ ಆ ಮಾತು ನಿರಪಾಯವಲ್ಲ. ವಾರ್ಸಾ ಬಿಟ್ಟು ಸಾಂದೊಮಿಯೆಶ್ ಎಂಬ ಹಳೆಯ ಪಟ್ಟಣಕ್ಕೆ ಬಂದ ಸರ್ಕಾರಿ ಅಭಿಯೋಜಕ ತೆಯೊದೋರ್ ಶಾತ್ಸ್ಕಿ ಅದರ ನಾಯಕ. ಪೋಲಿಷ್ ಪದ್ಧತಿಯಲ್ಲಿ ಕೊಲೆಯ ತನಿಖೆಯನ್ನು ನಡೆಸುವವನು ಅಭಿಯೋಜಕ. ಹಳೆಯ ಯೆಹೂದಿ ಪ್ರಾರ್ಥನಾಮಂದಿರದ ಬಳಿ ರಕ್ತ ಬಸಿದ ಶವವೊಂದು ದೊರೆಯುತ್ತದೆ. ಕ್ರೈಸ್ತರ ಮಕ್ಕಳನ್ನು ಯೆಹೂದಿಗಳು ರಕ್ತಕ್ಕಾಗಿ ಕೊಲ್ಲುತ್ತಾರೆಂಬ ಶತಮಾನಗಳ ಹಿಂದಿನ ಅಪವಾದ ಊರಿನ ಬಾಯಲ್ಲಿ ಮತ್ತೆ ಜೀವ ತಳೆಯುತ್ತದೆ. ಆ ಊರಿನ ಪ್ರಧಾನ ಇಗರ್ಜಿಯಲ್ಲಿ ಇದೇ ಅಪವಾದವನ್ನು ಚಿತ್ರಿಸುವ, ಹದಿನೆಂಟನೆಯ ಶತಮಾನದ ವರ್ಣಚಿತ್ರವೊಂದು ನಿಜವಾಗಿಯೂ ಇದೆ. ಕೆಲವು ವರ್ಷ ತೆರೆಯ ಹಿಂದಿದ್ದ ಅದನ್ನು 2014ರಲ್ಲಿ ವಿವರಣೆಯ ಫಲಕದೊಡನೆ ಮತ್ತೆ ಕಾಣಗೊಡಲಾಯಿತು.

ಐತಿಹ್ಯವೊಂದು ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ಕಾದಂಬರಿಯ ಸಾಕ್ಷ್ಯವೇ ಬೇಕಿಲ್ಲ. 1946ರ ಜುಲೈ 4ರಂದು ಕಿಯೆಲ್ತ್ಸೆ ನಗರದಲ್ಲಿ, ಬಾಲಕನೊಬ್ಬನನ್ನು ಯೆಹೂದಿಗಳು ತಮ್ಮ ಮನೆಯ ನೆಲಮಾಳಿಗೆಯಲ್ಲಿ ಕೂಡಿಹಾಕಿದ್ದರೆಂಬ ಸುದ್ದಿ ಹಬ್ಬಿತು. ಮಹಾಯುದ್ಧದ ನರಮೇಧದಿಂದ ಉಳಿದು ಬಂದಿದ್ದ 42 ಯೆಹೂದಿಗಳು ಆ ಗಲಭೆಯಲ್ಲಿ ಹತರಾದರು. ಆ ಕಟ್ಟಡಕ್ಕೆ ನೆಲಮಾಳಿಗೆಯೇ ಇರಲಿಲ್ಲ. ಬೆಂಕಿಯಿಲ್ಲದೆ ಹೊಗೆಯಾಡದು ಎಂದು ಕನ್ನಡದಲ್ಲಿಯೂ ಹೇಳುವುದುಂಟು. ತರ್ಕಶಾಸ್ತ್ರ ಹೊಗೆಯಿಂದ ಬೆಂಕಿಯನ್ನು ಊಹಿಸಲು ಒಪ್ಪುವುದು ಅವೆರಡರ ವ್ಯಾಪ್ತಿಸಂಬಂಧ ಸಿದ್ಧವಾಗಿರುವಾಗ ಮಾತ್ರ. ಜನರ ಬಾಯಿಮಾತಿಗೂ ಸತ್ಯಕ್ಕೂ ಅಂತಹ ವ್ಯಾಪ್ತಿ ಇಲ್ಲ. ಮಿವೊಶೆವ್‌ಸ್ಕಿಯ ಕಾದಂಬರಿ ಕೊಲೆಗಾರನನ್ನು ಹುಡುಕುತ್ತಲೇ ಈ ಹೇತ್ವಾಭಾಸವನ್ನೂ ಹಿಡಿದು ತೋರಿಸುತ್ತದೆ. ತನ್ನ ಶೀರ್ಷಿಕೆಯೊಡನೆಯೇ ಜಗಳವಾಡುವ ಕೃತಿ ಅದು.

ಪೋಲಿಷ್ ಪತ್ತೇದಾರಿ ಕಾದಂಬರಿಯ ಬಲ ಇರುವುದೇ ಇಲ್ಲಿ. ಹೆಣ ಇಂದಿನದು, ಕಾರಣ ಹಿಂದಿನದು. ಮಾರೆಕ್ ಕ್ರಾಯೆವ್‌ಸ್ಕಿ ವ್ರೊತ್ಸ್ವಾಫ್ ವಿಶ್ವವಿದ್ಯಾಲಯದಲ್ಲಿ ಲ್ಯಾಟಿನ್ ಕಲಿಸಿದ ಭಾಷಾಶಾಸ್ತ್ರಜ್ಞ. 1999ರ ‘ಡೆತ್ ಇನ್ ಬ್ರೆಸ್ಲಾವ್’ ಕಾದಂಬರಿಯಲ್ಲಿ ಅವನು ತನ್ನ ನಗರವನ್ನು ಅದರ ಹಳೆಯ ಜರ್ಮನ್ ಹೆಸರಿನಿಂದ ಕರೆದು, 1933ರ ಕಾಲಕ್ಕೆ ಒಯ್ದ. ನಾಯಕ ಎಬರ್ಹಾರ್ಡ್ ಮಾಕ್ ಜರ್ಮನ್ ಪೊಲೀಸ್ ಅಧಿಕಾರಿ. 1945ರ ನಂತರ ಆ ನಗರದ ಜರ್ಮನರನ್ನು ಹೊರಗಟ್ಟಲಾಯಿತು; ಸೋವಿಯತ್ ಪಾಲಾದ ಪೂರ್ವಭಾಗದಿಂದ ಬಂದ ಪೋಲಿಷರು ಅವರ ಮನೆಗಳಲ್ಲಿ ನೆಲೆಸಿದರು. ಅನ್ಯರ ಊರಿನಲ್ಲಿ ಹುಟ್ಟಿ ಬೆಳೆದ ಪೀಳಿಗೆಯ ಲೇಖಕನೊಬ್ಬ ಆ ಅನ್ಯರ ಬೀದಿಗಳನ್ನೂ ಹೋಟೆಲುಗಳನ್ನೂ ಹೆಸರು ಹಿಡಿದು ಮರಳಿ ಕಟ್ಟಿದ್ದು ರಂಜನೆಗಾಗಿ ಮಾತ್ರವಲ್ಲ. ಈ ಕಾದಂಬರಿಯ ಅನುವಾದಕಿಯೂ ಡನೂಶಾ ಸ್ಟಾಕ್. ಗೆರಾಲ್ಟ್ ಮತ್ತು ಮಾಕ್ ಇಂಗ್ಲಿಷಿನಲ್ಲಿ ಮಾತು ಕಲಿತದ್ದು ಒಬ್ಬಳೇ ಗುರುವಿನಿಂದ.

ಓಲ್ಗಾ ತೊಕಾರ್ಚುಕ್ 2009ರಲ್ಲಿ ಪ್ರಕಟಿಸಿದ, ಲಾಯ್ಡ್-ಜೋನ್ಸ್ ಅನುವಾದದಲ್ಲಿ 2018ರಲ್ಲಿ ಬಂದ ‘ಡ್ರೈವ್ ಯುವರ್ ಪ್ಲೌ ಓವರ್ ದ ಬೋನ್ಸ್ ಆಫ್ ದ ಡೆಡ್’ ಈ ಪರಂಪರೆಯ ಅತ್ಯಂತ ಕಠಿಣ ಪ್ರಶ್ನೆಯನ್ನು ಎತ್ತುತ್ತದೆ. ಚೆಕ್ ಗಡಿಗೆ ಹತ್ತಿರದ ಹಳ್ಳಿಯಲ್ಲಿ ಬೇಟೆಗಾರರು ಒಬ್ಬೊಬ್ಬರಾಗಿ ಸಾಯುತ್ತಾರೆ. ಸೇಡು ತೀರಿಸಿಕೊಳ್ಳುತ್ತಿರುವವು ಪ್ರಾಣಿಗಳೇ ಎಂದು ಯಾನಿನಾ ದುಶೆಯ್ಕೊ ಎಂಬ ವೃದ್ಧೆ ಅಧಿಕಾರಿಗಳಿಗೆ ಪತ್ರ ಬರೆಯುತ್ತಾಳೆ. ಅವಳ ಅಡ್ಡಹೆಸರಿನಲ್ಲಿ ‘ಆತ್ಮ’ ಎಂಬರ್ಥದ ‘ದುಶಾ’ ಕೇಳಿಸುತ್ತದೆ; ಇಂಗ್ಲಿಷಿನಲ್ಲಿ ಅದು ಬರಿಯ ಹೆಸರು. ಬೇಟೆಗಾರರು ಕೂತು ಗುಂಡು ಹಾರಿಸುವ ಎತ್ತರದ ಅಟ್ಟಣೆಗೂ ಪಾದ್ರಿ ನಿಂತು ಉಪದೇಶಿಸುವ ಪೀಠಕ್ಕೂ ಪೋಲಿಷಿನಲ್ಲಿ ‘ಅಂಬೋನಾ’ ಎಂಬ ಒಂದೇ ಪದ. ಅನುವಾದಕಿ ಇಂಗ್ಲಿಷಿನಲ್ಲಿಯೂ ಉಪದೇಶಪೀಠದ ಪದವನ್ನೇ ಉಳಿಸಿ, ಕೊಲ್ಲುವ ಜಾಗಕ್ಕೆ ಧರ್ಮದ ಹೆಸರಿಟ್ಟ ಆ ಘೋರ ವ್ಯಂಗ್ಯವನ್ನು ಕಾಪಾಡಿದ್ದಾರೆ. ದುಶೆಯ್ಕೊ ತನ್ನ ಶಿಷ್ಯನೊಡನೆ ಇಂಗ್ಲಿಷ್ ಕವಿ ಬ್ಲೇಕ್‌ನನ್ನು ಪೋಲಿಷಿಗೆ ಅನುವಾದಿಸುವ ಭಾಗ ಇನ್ನೂ ಕಷ್ಟದ್ದು. ಮೂಲದಲ್ಲಿ ಒಂದೇ ಪದ್ಯದ ಹಲವು ಪೋಲಿಷ್ ರೂಪಗಳಿವೆ. ಅವನ್ನು ಮತ್ತೆ ಇಂಗ್ಲಿಷಿಗೆ ತರುವಾಗ ಬ್ಲೇಕ್‌ನ ಮೂಲವನ್ನಿಟ್ಟರೆ ಸಾಲದು. ಬ್ಲೇಕ್ ಬರೆಯದ ಇಂಗ್ಲಿಷನ್ನು ಸೃಷ್ಟಿಸಬೇಕಾಯಿತು.

ಕೊಂದವಳು ದುಶೆಯ್ಕೊಳೇ ಎಂದು ಕೊನೆಯಲ್ಲಿ ತಿಳಿದಾಗ ಓದುಗ ಇಕ್ಕಟ್ಟಿಗೆ ಸಿಲುಕುತ್ತಾನೆ. ಅಲ್ಲಿಯವರೆಗೆ ಅವಳ ಕರುಣೆಗೆ ಅವನು ತಲೆದೂಗಿದ್ದಾನೆ. ಜನ್ನನ ‘ಯಶೋಧರ ಚರಿತೆ’ಯನ್ನು ಬಲ್ಲವರಿಗೆ ಈ ಇಕ್ಕಟ್ಟು ಹೊಸದಲ್ಲ. 1209ರ ಆ ಕಾವ್ಯದಲ್ಲಿ ಯಶೋಧರ ಜೀವವಧೆಗೆ ಹೇಸಿ, ತಾಯಿಯ ಮಾತನ್ನೂ ಮೀರಲಾರದೆ, ಹಿಟ್ಟಿನ ಕೋಳಿಯನ್ನು ಬಲಿಗೊಡುತ್ತಾನೆ. ಸಂಕಲ್ಪವೇ ಹಿಂಸೆಯಾಗಿ, ತಾಯಿ ಮಕ್ಕಳಿಬ್ಬರೂ ಪ್ರಾಣಿಜನ್ಮಗಳಲ್ಲಿ ತೊಳಲುತ್ತಾರೆ. ಮನುಷ್ಯ ಪ್ರಾಣಿಗಳ ನಡುವೆ ಗೋಡೆಯಿಲ್ಲ ಎಂಬಲ್ಲಿ ಜನ್ನ ಮತ್ತು ತೊಕಾರ್ಚುಕ್ ಒಂದೆಡೆ ನಿಲ್ಲುತ್ತಾರೆ. ಬೇರೆಯಾಗುವುದು ಮುಂದಿನ ಹೆಜ್ಜೆಯಲ್ಲಿ. ಹಿಟ್ಟಿನ ಕೋಳಿಯಲ್ಲೂ ಭಾವಹಿಂಸೆಯನ್ನು ಕಂಡ ದೃಷ್ಟಿಗೆ, ಜೀವದಯೆಯ ಹೆಸರಿನ ಕೊಲೆ ಜೀವದಯೆಯಾಗಿ ಉಳಿಯಲಾರದು. ತೊಕಾರ್ಚುಕ್ ತೀರ್ಪು ಕೊಡುವುದಿಲ್ಲ. ತಪ್ಪಿಸಿಕೊಂಡ ದುಶೆಯ್ಕೊ ಕಾಡಿನಂಚಿನ ಮನೆಯೊಂದರಲ್ಲಿ ಆಶ್ರಯ ಪಡೆಯುತ್ತಾಳೆ; ತೀರ್ಪಿನ ಹೊರೆ ಓದುಗನಿಗೆ ಉಳಿಯುತ್ತದೆ.

ತೊಕಾರ್ಚುಕ್ ಅವರ ‘ಫ್ಲೈಟ್ಸ್’ ಕೃತಿಗೆ 2018ರಲ್ಲಿ ಮ್ಯಾನ್ ಬುಕರ್ ಅಂತರರಾಷ್ಟ್ರೀಯ ಪ್ರಶಸ್ತಿ ಬಂದಾಗ ಅದರ ಹಣವನ್ನು ಅನುವಾದಕಿ ಜೆನಿಫರ್ ಕ್ರಾಫ್ಟ್ ಅವರೊಡನೆ ಸಮನಾಗಿ ಹಂಚಲಾಯಿತು. ಅನುವಾದಕರ ಹೆಸರು ಮುಖಪುಟದಲ್ಲಿ ಇರಬೇಕೆಂದು ಕ್ರಾಫ್ಟ್ 2021ರಲ್ಲಿ ದನಿ ಎತ್ತಿದರು. ಇದನ್ನು ಗೌರವದ ಪ್ರಶ್ನೆ ಎಂದಷ್ಟೇ ಕಾಣಬೇಕಿಲ್ಲ. ಯಾರ ಕೈ ದಾಟಿ ಪುಸ್ತಕ ಬಂದಿದೆ ಎಂಬುದು ಓದುಗನಿಗೆ ತಿಳಿದಿರಬೇಕಾದ ಪ್ರಮಾಣದ ವಿಷಯ.

ಪೋಲಿಷ್ ಕೃತಿಯೊಂದನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರುವವರು 1970ರಲ್ಲಿ ‘ಸೊಲಾರಿಸ್’ ಅನುವಾದಿಸಿದವರು ನಿಂತಲ್ಲಿಯೇ ನಿಂತಿರುತ್ತಾರೆ. ಆ ಕೆಲಸ ವ್ಯರ್ಥವಲ್ಲ. ನಾಲ್ಕು ದಶಕಗಳ ಓದುಗರು ಅದಕ್ಕೆ ಸಾಕ್ಷಿ. ಆದರೆ ಯಾವ ಇಂಗ್ಲಿಷಿನಿಂದ, ಯಾರ ಇಂಗ್ಲಿಷಿನಿಂದ ಎಂಬುದನ್ನು ಮೊದಲ ಪುಟದಲ್ಲಿಯೇ ಹೇಳುವುದು ಕರ್ತವ್ಯ. ಕೆಲ್ವಿನ್‌ನ ಹೆಂಡತಿ ಕನ್ನಡದಲ್ಲಿ ಹರೇ ಆಗುವಳೋ ರೇಯಾ ಆಗುವಳೋ ಎಂಬುದನ್ನು ನಿರ್ಧರಿಸುವುದು ಆ ಆಯ್ಕೆಯೇ.