ಬುದ್ಧನ ಭಾರ

ಟ್ಯಾಂಕ್‌ಬಂಡಿನಲ್ಲಿ ಸಂಜೆ ನಿಂತು ಹುಸೇನ್ ಸಾಗರದ ಬುದ್ಧನನ್ನು ನೋಡಿದ್ದೀರಲ್ಲ, ಮಕ್ಕಳೇ? 300 ಟನ್ನಿಗೂ ಮಿಕ್ಕ ಆ ಏಕಶಿಲೆ 1988ರಲ್ಲಿ ರಾಯಗಿರಿಯಿಂದ 192 ಚಕ್ರಗಳ ಟ್ರೇಲರಿನಲ್ಲಿ ಸುಖವಾಗಿ ಊರು ಸೇರಿತು. ಭಾರ ಅಷ್ಟೂ ಚಕ್ರಗಳಿಗೆ ಹಂಚಿಹೋಗಿತ್ತು. ಆದರೆ 1990ರ ಮಾರ್ಚ್ 10ರಂದು ಕೆರೆಯಲ್ಲಿ ಬಾರ್ಜ್ ವಾಲಿ ವಿಗ್ರಹ ಮುಳುಗಿತು. ಜೊತೆಗಿದ್ದ ಕೆಲಸಗಾರರು ಪ್ರಾಣ ತೆತ್ತರು. ಬುದ್ಧ ಎದ್ದು ನಿಂತದ್ದು 1992ರ ಡಿಸೆಂಬರಿನಲ್ಲಿ.

ನಿಮ್ಮಲ್ಲಿ ಅಮೆರಿಕ ಸೇರಿ, ಹಾಫ್ ಟನ್ ಪಿಕಪ್ಪಿಗೆ ಫಿಫ್ತ್ ವೀಲ್ ಟ್ರೇಲರ್ ಕಟ್ಟಿ ಪ್ರವಾಸ ಹೊರಡುವವರಿದ್ದೀರಿ. ಟ್ರೇಲರಿನ ತೂಕದಲ್ಲಿ ಸುಮಾರು ಐದರಲ್ಲೊಂದು ಪಾಲು ಪಿಕಪ್ಪಿನ ಬೆನ್ನ ಮೇಲೇ ಕೂರುತ್ತದೆ. ಡ್ರೈವರ್ ಬಾಗಿಲ ಬಳಿಯ ಚೀಟಿಯಲ್ಲಿರುವ ಹೊರೆಯ ಮಿತಿಯಿಂದ ಜನ, ಸಾಮಾನು, ಹಿಚ್ಚಿನ ತೂಕ ಕಳೆಯಿರಿ. ಉಳಿದದ್ದು ಆ ಪಾಲಿಗೆ ಸಾಲದಿದ್ದರೆ ಚಿಕ್ಕ ಟ್ರೇಲರೇ ಸಾಕು. ಎಳೆದೀತೇ ಎನ್ನುವ ಮೊದಲು ಹೊತ್ತೀತೇ ಎಂದು ಕೇಳಿ.