ಹೊಡೆದವರ ಹೆಸರೆಲ್ಲಿ?

ರಾಮಗಿರಿ ಬೆಟ್ಟದ ಕೆಳಗೆ ಬಸ್ಸು ನಿಲ್ಲುವಲ್ಲಿನ ಹೋಟ್ಲಿನಲ್ಲಿ ಸಂಜೆ ಕೂರುವವರು ನಾವು. ಒಬ್ಬ ಮೇಷ್ಟ್ರು, ಹೊಳಲ್ಕೆರೆ ಕಾಲೇಜಿಗೆ ಹೋಗಿಬರುವ ಇಬ್ಬರು ಹುಡುಗರು, ಉಳಿದವರೆಲ್ಲ ಅಡಿಕೆ ತೋಟದ ಕೂಲಿಗಳು. ಹಿಂದೆ ಒಂದೇ ಪೇಪರನ್ನು ಹಾಳೆ ಹಾಳೆ ಬಿಡಿಸಿ ಹಂಚಿಕೊಂಡು ಓದುತ್ತಿದ್ದೆವು. ಈಗ ಎಲ್ಲರ ಜೇಬಲ್ಲೂ ಮೊಬೈಲು. ಸುದ್ದಿ ಜಾಲತಾಣಗಳು ಒಂದರ ಮೇಲೊಂದು ಬಂದು ಬೀಳುತ್ತವೆ. ಯಾವುದನ್ನು ನಂಬೋದು, ಯಾವುದನ್ನು ಬಿಡೋದು? ಈ ಪಾಠವನ್ನು ನಮಗೆ ಮೊದಲು ಹೇಳಿದ್ದು ಅಕ್ಷರ ಬಾರದ ಒಬ್ಬ ಅಜ್ಜಿ.

ನಮ್ಮ ಸೀಮೆಯ ಒಂದು ಊರಲ್ಲಿ, ದೇವರ ಮೆರವಣಿಗೆಯ ಮುಂದೆ ನಡೆದರೆಂಬ ಸಿಟ್ಟಿಗೆ ನಮ್ಮ ಹುಡುಗರನ್ನು ಕೇರಿಗೇ ನುಗ್ಗಿ ಹೊಡೆದರು. ಮರುದಿನ ಒಂದು ಜಾಲತಾಣ ಬರೆಯಿತು: ‘ಎರಡು ಗುಂಪುಗಳ ನಡುವೆ ಘರ್ಷಣೆ, ಹಲವರಿಗೆ ಗಾಯ.’ ಹುಡುಗನೊಬ್ಬ ಅದನ್ನು ಓದಿ ಹೇಳಿದ. ಅಜ್ಜಿಯ ಮೊಮ್ಮಗನ ತಲೆಗೂ ಹೊಲಿಗೆ ಬಿದ್ದಿತ್ತು.

‘ಹೊಡ್ದೋರು ಯಾರು ಅಂತ ಬರ್ದೈತೇನ್ಲಾ?’

‘ಇಲ್ಲ ಕಣಜ್ಜೀ.’

‘ಹೊಡಿಸ್ಕಂಡೋರು?’

‘ಅದೂ ಇಲ್ಲ.’

‘ಮತ್ತೆ ಗಾಳಿ ಬಂದು ಹೊಡೀತಾ?’

ನಾವು ಸುಮ್ಮನಾದೆವು. ಆ ಸಾಲಿನಲ್ಲಿ ಸುಳ್ಳು ಒಂದಕ್ಷರವೂ ಇರಲಿಲ್ಲ. ಗಾಯವಾದದ್ದು ನಿಜ, ಹಲವರಿಗೆ ಆದದ್ದೂ ನಿಜ. ಆದರೆ ಕರ್ತೃವನ್ನು ನುಂಗಿಬಿಟ್ಟಿದ್ದರು. ಸುಳ್ಳು ಹೇಳದೆಯೂ ಪಕ್ಷಪಾತ ಮಾಡಬಹುದು ಎಂದು ನಮಗೆ ಅವತ್ತು ತಿಳಿಯಿತು. ಯಾವ ಪಕ್ಷವನ್ನು ಹೊಗಳುತ್ತಾರೆ, ಯಾವ ಪಕ್ಷವನ್ನು ಬೈಯುತ್ತಾರೆ ಎಂದಷ್ಟೇ ನೋಡುವವರಿಗೆ ಈ ಪಕ್ಷಪಾತ ಕಾಣುವುದೇ ಇಲ್ಲ.

ಯಾಕೆ ನುಂಗುತ್ತಾರೆ? ಬರೆಯುವ ಕೋಣೆಯಲ್ಲಿ ಕೂತವರು ಯಾರು ಅಂತ ನೋಡಿ. 2019ರಲ್ಲಿ ಆಕ್ಸ್‌ಫಾಮ್ ಇಂಡಿಯಾ ಮತ್ತು ನ್ಯೂಸ್‌ಲಾಂಡ್ರಿ ಸೇರಿ ಪತ್ರಿಕೆ, ಟಿವಿ, ಜಾಲತಾಣಗಳ ಲೆಕ್ಕ ಹಾಕಿದವು. ಮುಖ್ಯಸ್ಥರ 121 ಹುದ್ದೆಗಳಲ್ಲಿ 106ರಲ್ಲಿ ಮೇಲ್ಜಾತಿಯವರಿದ್ದರು. ಪರಿಶಿಷ್ಟ ಜಾತಿ, ಪಂಗಡದವರು ಒಬ್ಬರೂ ಇರಲಿಲ್ಲ. ಕಾಗದ ಹೋಗಿ ಮೊಬೈಲು ಬಂತು, ಕೂತವರು ಎದ್ದಿಲ್ಲ. ಬಾಬಾಸಾಹೇಬರು 1920ರ ಜನವರಿ 31ರಂದು ‘ಮೂಕನಾಯಕ’ ತಂದಾಗ, ದುಡ್ಡು ಕೊಡುತ್ತೇವೆಂದರೂ ಅದರ ಜಾಹೀರಾತನ್ನು ‘ಕೇಸರಿ’ ಹಾಕಲಿಲ್ಲ. ನೂರು ವರ್ಷದ ಹಿಂದೆ ಮುಚ್ಚಿದ್ದ ಬಾಗಿಲು ಇವತ್ತಿಗೂ ಒಂದಿಷ್ಟೇ ತೆರೆದಿದೆ.

ಹಾಗಾದರೆ ನಮ್ಮ ಪರ ಬರೆದದ್ದೆಲ್ಲ ನಿಜವೋ? ಇಲ್ಲಿ ನಮ್ಮ ತಪ್ಪನ್ನೂ ಹೇಳಿಕೊಳ್ಳಬೇಕು. ಅದೇ ಹೊಡೆದಾಟದ ಮೂರನೇ ದಿನ ಇನ್ನೊಂದು ಜಾಲತಾಣ ‘ಇಬ್ಬರು ದಲಿತರ ಕೊಲೆ’ ಎಂದು ಬರೆಯಿತು. ಯಾರೂ ಸತ್ತಿರಲಿಲ್ಲ. ಸತ್ತಿಲ್ಲವೆಂದು ಗೊತ್ತಿದ್ದೂ ನಮ್ಮಲ್ಲಿ ಕೆಲವರು ಅದನ್ನು ಹತ್ತೂರಿಗೆ ಕಳಿಸಿದೆವು. ಸಿಟ್ಟಿತ್ತು, ಸುದ್ದಿ ದೊಡ್ಡದಾಗಲಿ ಎಂಬ ಆಸೆಯಿತ್ತು. 1989ರ ದೌರ್ಜನ್ಯ ತಡೆ ಕಾಯ್ದೆಯಡಿ ದೂರು ಕೊಡಲು ಠಾಣೆಗೆ ಹೋದಾಗ ಎದುರಿಗಿದ್ದವರು ಮೊಬೈಲು ತೋರಿಸಿ ನಕ್ಕರು: ‘ಸತ್ತೋರು ಎಲ್ಲವ್ರೆ? ಕರ್ಕಂಡ್ ಬರ್ರಿ.’ ನಿಜವಾದ ಗಾಯವೂ ಅವತ್ತು ಸುಳ್ಳಾಯಿತು. ಹೊಲಿಗೆ ಹಾಕಿಸಿಕೊಂಡ ಹುಡುಗ ನಮ್ಮ ಮುಖವನ್ನೇ ನೋಡುತ್ತಾ ನಿಂತಿದ್ದ. ಉಳ್ಳವರು ಒಂದು ಸುಳ್ಳು ಹೇಳಿ ಜೀರ್ಣಿಸಿಕೊಳ್ಳುತ್ತಾರೆ. ನಮಗೆ ಆ ಅನುಕೂಲವಿಲ್ಲ. ನಿಜವೊಂದು ಬಿಟ್ಟರೆ ನಮ್ಮ ಕೈಯಲ್ಲಿ ಬೇರೇನಿದೆ?

ಪಕ್ಷಪಾತ ಬೇರೆ, ಸುಳ್ಳು ಬೇರೆ. ‘ಮೂಕನಾಯಕ’ಕ್ಕೂ ಒಂದು ಪಕ್ಷವಿತ್ತು, ಅದು ತನ್ನ ಹೆಸರಿನಲ್ಲೇ ಅದನ್ನು ಸಾರಿತ್ತು. ತನ್ನ ನಿಲುವನ್ನು ಬಾಯಿಬಿಟ್ಟು ಹೇಳಿ ನಿಜ ಬರೆಯುವವರ ಜೊತೆ ಜಗಳವಾಡಬಹುದು. ಸುಳ್ಳಿನ ಮಾತು ಹಾಗಲ್ಲ. 2018ರ ಮಾರ್ಚಿಯಲ್ಲಿ, ವಿಧಾನಸಭೆಯ ಮತದಾನಕ್ಕೆ ಎರಡು ತಿಂಗಳೂ ಇಲ್ಲದಾಗ, ಜೈನ ಮುನಿಯೊಬ್ಬರ ಮೇಲೆ ಮುಸ್ಲಿಂ ಯುವಕರು ಹಲ್ಲೆ ಮಾಡಿದರೆಂದು ‘ಪೋಸ್ಟ್‌ಕಾರ್ಡ್ ನ್ಯೂಸ್’ ಜಾಲತಾಣ ಹಬ್ಬಿಸಿತು. ಮುನಿಗೆ ಗಾಯವಾಗಿದ್ದು ರಸ್ತೆ ಅಪಘಾತದಲ್ಲಿ. ಅದರ ಸಂಪಾದಕರನ್ನು ಬೆಂಗಳೂರು ಪೊಲೀಸರು ಬಂಧಿಸಿದರು. ಆದರೆ ಬಂಧನವನ್ನೇ ಅಳತೆಗೋಲು ಮಾಡಿಕೊಳ್ಳಬೇಡಿ. ಸುಳ್ಳು ಸುದ್ದಿಗಳನ್ನು ಬಯಲಿಗೆಳೆಯುವ ‘ಆಲ್ಟ್ ನ್ಯೂಸ್’ನ ಮೊಹಮ್ಮದ್ ಜುಬೇರ್ ಅವರನ್ನೂ 2022ರ ಜೂನ್‌ನಲ್ಲಿ ಬಂಧಿಸಿದರು, ಜುಲೈನಲ್ಲಿ ಸುಪ್ರೀಂ ಕೋರ್ಟು ಜಾಮೀನು ಕೊಟ್ಟಿತು. ಪೊಲೀಸರು ಯಾರನ್ನು ಹಿಡಿದರು ಎಂಬುದರಿಂದ ಸುದ್ದಿಯ ನಿಜ ತಿಳಿಯದು. ಆ ಮುನಿಗೆ ಗಾಯ ಹೇಗಾಯಿತು ಎಂದು ವಿಚಾರಿಸಿದರೆ ತಿಳಿಯುತ್ತದೆ.

ಈಗ ನಾವು ಯಾವ ಸುದ್ದಿಯನ್ನಾದರೂ ಕಳಿಸುವ ಮೊದಲು ಇಷ್ಟು ಕೇಳಿಕೊಳ್ಳುತ್ತೇವೆ. ಮಾಡಿದವರು ಯಾರೆಂದು ಬರೆದಿದ್ದಾರೆಯೇ? ಬರೆದವರು ಕೇರಿಗೆ ಹೋಗಿದ್ದರೋ, ಠಾಣೆಯಲ್ಲೇ ಕೂತು ಬರೆದರೋ? ನೊಂದವರ ಮಾತು ಒಂದಾದರೂ ಇದೆಯೇ? ಜಾಲತಾಣ ನಡೆಸಲು ಯಾರ ದುಡ್ಡು? ಹಿಂದೆ ತಪ್ಪು ಬರೆದಾಗ ತಪ್ಪಾಯಿತೆಂದು ಹೇಳಿದ್ದಾರೆಯೇ? ಕೊನೆಯದಾಗಿ, ಈ ಸುದ್ದಿ ನಮಗೆ ಖುಷಿ ಕೊಡುತ್ತಿದೆಯೇ? ಕೊಟ್ಟರೆ ಇನ್ನೊಂದು ಸಲ ಓದುತ್ತೇವೆ.

ಮೇಷ್ಟ್ರುಗಳೇ, ನೀವು ಕರ್ತೃ, ಕರ್ಮ, ಕ್ರಿಯಾಪದ ಕಲಿಸುವ ದಿನ ಮೊಬೈಲಿನ ಒಂದು ಸುದ್ದಿಯನ್ನು ಬೋರ್ಡಿನ ಮೇಲೆ ಬರೆಯಿರಿ. ಹೊಡೆದವರು ಯಾರು ಅಂತ ಮಕ್ಕಳನ್ನು ಕೇಳಿ. ಉತ್ತರ ಸಿಗದಿದ್ದರೆ ತಪ್ಪು ಮಕ್ಕಳದಲ್ಲ ಎಂದೂ ಹೇಳಿ.