ಜಿಡ್ಡಿನ ಜಿಜ್ಞಾಸೆ

ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಕೊಡಬೇಕೆಂದು ಸಂಪಾದಕ ಮಂಡಲಿಯವರು ಕೇಳಿದಾಗ, ವ್ಯಾಕರಣವನ್ನೋ ಛಂದಸ್ಸನ್ನೋ ಕುರಿತು ನಾಲ್ಕು ಮಾತು ಬರೆದಿದ್ದರೆ ನನ್ನ ಕರ್ತವ್ಯ ಮುಗಿಯುತ್ತಿತ್ತು. ಆದರೆ ನನ್ನ ಮೇಲೆ ಒಬ್ಬ ವಿದ್ಯಾರ್ಥಿಯ ಋಣವಿದೆ. ಅದನ್ನು ತೀರಿಸುವುದಕ್ಕೆ ಈ ಪುಟಗಳಿಗಿಂತ ಯೋಗ್ಯವಾದ ಸ್ಥಳ ಬೇರೊಂದಿಲ್ಲ. ವಿಷಯ ವಿಜ್ಞಾನಕ್ಕೆ ಸೇರಿದ್ದು. ತಪ್ಪು ಮಾತ್ರ ಕನ್ನಡ ಪಂಡಿತನದು.

ಕೆಲವು ವರ್ಷಗಳ ಹಿಂದೆ ಪ್ರೌಢಶಾಲೆಯ ಹುಡುಗನೊಬ್ಬ ಪ್ರಬಂಧ ಸ್ಪರ್ಧೆಗೆಂದು ‘ಜೀವಿಗಳಲ್ಲಿ ಲಿಪಿಡ್‌ಗಳು’ ಎಂಬ ಲೇಖನವನ್ನು ಬರೆದು ಭಾಷೆಯನ್ನು ತಿದ್ದಿಕೊಡಬೇಕೆಂದು ನನ್ನಲ್ಲಿಗೆ ತಂದನು. ಆತನ ತಂದೆ ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚುವ ಕಸುಬಿನವರು. ಕನ್ನಡದಲ್ಲಿ ಪದವಿರುವಾಗ ಪರಭಾಷೆಯ ಶಬ್ದವೇಕೆಂದು ನಾನು ಕೆಂಪು ಮಸಿಯಿಂದ ‘ಲಿಪಿಡ್’ ಎಂದಿದ್ದ ಕಡೆಯಲ್ಲೆಲ್ಲ ‘ಕೊಬ್ಬು’ ಎಂದು ಬರೆದೆ. “ಗುರುಗಳೇ, ಎಲ್ಲ ಕಡೆಯೂ ಅದು ಹೊಂದುವುದಿಲ್ಲ” ಎಂದು ಹುಡುಗ ಮೆಲ್ಲಗೆ ಹೇಳಿದ. “ಕನ್ನಡವನ್ನು ನನಗೆ ಕಲಿಸುವೆಯಾ?” ಎಂದು ಗದರಿಸಿ ಕಳುಹಿಸಿದೆ. ಪ್ರಬಂಧಕ್ಕೆ ಬಹುಮಾನ ಬರಲಿಲ್ಲ. ಕೊಬ್ಬಿಗೂ ಇತರ ಲಿಪಿಡ್‌ಗಳಿಗೂ ಇರುವ ಭೇದವು ಲೇಖಕನಿಗೆ ತಿಳಿದಿಲ್ಲವೆಂದು ಅದರ ಅಂಚಿನಲ್ಲಿ ಬರೆದಿತ್ತು. ಹುಡುಗ ಅದನ್ನು ನನಗೆ ತೋರಿಸಿದನೇ ಹೊರತು ಒಂದು ಮಾತನ್ನೂ ಆಡಲಿಲ್ಲ. ಆತ ಆಡಿದ್ದರೆ ನನಗೆ ಅಷ್ಟು ನೋವಾಗುತ್ತಿರಲಿಲ್ಲ.

ಆ ರಜೆಯಲ್ಲಿ ನನ್ನ ಹುಟ್ಟೂರಾದ ದಿಬ್ಬೂರಹಳ್ಳಿಗೆ ಹೋದೆ. ಅಣ್ಣನ ಹುಳುವಿನ ಮನೆಯಲ್ಲಿ ಹಣ್ಣಾದ ಹುಳುಗಳು ಚಂದ್ರಿಕೆ ಏರಿ ಗೂಡು ಕಟ್ಟಿ ಮುಗಿಸಿದ್ದವು. ಹಿಂದಿನ ಬೆಳೆಯಲ್ಲಿ ಮಾರಾಟಕ್ಕೆ ಹೋಗದೆ ಮೂಲೆಯಲ್ಲಿ ಉಳಿದಿದ್ದ ಒಂದೆರಡು ಗೂಡುಗಳಿಂದ ಚಿಟ್ಟೆಗಳು ಹೊರಬಂದಿದ್ದವು. “ಪಾಪ, ಇದಕ್ಕೆ ಬಾಯಿಲ್ಲ; ಹುಳುವಾಗಿದ್ದಾಗ ತಿಂದದ್ದೇ ಕೊನೆಯವರೆಗೆ” ಎಂದು ಅಣ್ಣ ಹೇಳಿದ. ಬಾಲ್ಯದಿಂದ ಕೇಳಿದ್ದ ಈ ಮಾತು ಅಂದು ಹೊಸದಾಗಿ ಕೇಳಿಸಿತು. ಹುಡುಗನ ಪ್ರಬಂಧದಲ್ಲಿಯೂ ಈ ಚಿಟ್ಟೆಯ ಪ್ರಸ್ತಾಪವಿತ್ತು. ಶಾಲೆ ತೆರೆದ ಮೇಲೆ ವಿಜ್ಞಾನದ ಉಪಾಧ್ಯಾಯರ ಬಳಿ ಸಂಜೆಯ ಹೊತ್ತು ಕುಳಿತು, ಶಿಷ್ಯನಂತೆ ಪಾಠ ಹೇಳಿಸಿಕೊಂಡೆ.

ನಾನು ತಿಳಿದುಕೊಂಡದ್ದು ಇಷ್ಟು. ನೀರಿನಲ್ಲಿ ಕರಗದೆ, ಈಥರ್, ಕ್ಲೋರೋಫಾರ್ಮ್ ಮೊದಲಾದ ದ್ರಾವಕಗಳಲ್ಲಿ ಕರಗುವ ಜೈವಿಕ ವಸ್ತುಗಳ ದೊಡ್ಡ ಬಳಗಕ್ಕೆ ಲಿಪಿಡ್ ಎಂದು ಹೆಸರು. ಕೊಬ್ಬು ಆ ಬಳಗದ ಒಂದು ಮನೆ ಮಾತ್ರ. ಗ್ಲಿಸರಾಲ್ ಎಂಬ ಅಣುವಿಗೆ ಮೂರು ಕೊಬ್ಬಿನಾಮ್ಲಗಳು ಸೇರಿದರೆ ಅದು ಕೊಬ್ಬು ಅಥವಾ ಎಣ್ಣೆ. ಆಮ್ಲದ ಸರಪಳಿಗಳು ನೇರವಾಗಿದ್ದರೆ ಅವು ಒತ್ತೊತ್ತಾಗಿ ಕೂಡಿ ತುಪ್ಪದಂತೆ ಹೆಪ್ಪುಗಟ್ಟುತ್ತವೆ. ಜೋಡಿ ಬಂಧದಿಂದ ಬಾಗಿದ್ದರೆ ಕಡಲೆಕಾಯಿ ಎಣ್ಣೆಯಂತೆ ದ್ರವವಾಗಿಯೇ ಉಳಿಯುತ್ತವೆ. ಒಂದು ಗ್ರಾಂ ಪಿಷ್ಟ ಸುಮಾರು 4 ಕಿಲೋಕ್ಯಾಲೊರಿ ಶಕ್ತಿಯನ್ನು ಕೊಟ್ಟರೆ ಒಂದು ಗ್ರಾಂ ಕೊಬ್ಬು ಸುಮಾರು 9 ಕೊಡುತ್ತದೆ. ಬಾಯಿಲ್ಲದ ಚಿಟ್ಟೆ ತನ್ನ ಅಲ್ಪಾಯುಷ್ಯವನ್ನು ಕಳೆದು ನೂರಾರು ಮೊಟ್ಟೆಗಳನ್ನಿಡುವುದು ಹೀಗೆ ಕೂಡಿಟ್ಟ ಬುತ್ತಿಯ ಬಲದಿಂದ.

ಇನ್ನೊಂದು ಮನೆ ಫಾಸ್ಫೋಲಿಪಿಡ್‌ಗಳದು. ಇವುಗಳ ತಲೆಗೆ ನೀರು ಪ್ರಿಯ, ಎರಡು ಬಾಲಗಳಿಗೆ ನೀರು ಅಪ್ರಿಯ. ಆದುದರಿಂದ ಬಾಲಗಳನ್ನು ಒಳಗಿಟ್ಟು, ತಲೆಗಳನ್ನು ಎರಡೂ ಕಡೆಯ ನೀರಿಗೆ ಒಡ್ಡಿ, ಇವು ತಾವಾಗಿಯೇ ಎರಡು ಪದರಗಳ ಪೊರೆಯಾಗುತ್ತವೆ. ಇದನ್ನು 1925ರಲ್ಲಿ ಗಾರ್ಟರ್ ಮತ್ತು ಗ್ರೆಂಡೆಲ್ ಎಂಬ ಡಚ್ ವಿಜ್ಞಾನಿಗಳು ಕೆಂಪು ರಕ್ತಕಣಗಳ ಮೇಲಿನ ಪ್ರಯೋಗದಿಂದ ಊಹಿಸಿದರು. ನಮ್ಮ ದೇಹದ ಪ್ರತಿಯೊಂದು ಜೀವಕೋಶಕ್ಕೂ ಈ ಪೊರೆಯೇ ಗೋಡೆ, ಈ ಪೊರೆಯೇ ಬಾಗಿಲು. ಇಂಥ ಪೊರೆಗೆ ನಾನು ‘ಕೊಬ್ಬು’ ಎಂದು ಬರೆದಿದ್ದೆ!

ಮೂರನೆಯದು ಸ್ಟೆರಾಲ್‌ಗಳ ಮನೆ. ನಮ್ಮ ಕಡೆ ಹುಳು ಪೊರೆ ಬಿಡುವುದಕ್ಕೆ ‘ಜ್ವರಕ್ಕೆ ಕೂತಿದೆ’ ಎನ್ನುತ್ತಾರೆ. ನಾಲ್ಕು ಜ್ವರ ದಾಟಿದ ಮೇಲೆಯೇ ಗೂಡು. ಈ ಜ್ವರವನ್ನು ಬರಿಸುವ ಎಕ್ಡೈಸೋನ್ ಎಂಬ ಹಾರ್ಮೋನನ್ನು 1954ರಲ್ಲಿ ಜರ್ಮನಿಯ ಬುಟೆನಾಂಟ್ ಮತ್ತು ಕಾರ್ಲ್‌ಸನ್ ಅವರು 500 ಕಿಲೋಗ್ರಾಂ ರೇಷ್ಮೆ ಕೋಶಗಳಿಂದ ಬೇರ್ಪಡಿಸಿದರು; ದೊರೆತದ್ದು ಕೇವಲ 25 ಮಿಲಿಗ್ರಾಂ. ಅದಕ್ಕೆ ಬೇಕಾದ ಸ್ಟೆರಾಲನ್ನು ಹುಳು ಸ್ವತಃ ತಯಾರಿಸಲಾರದು. ಹಿಪ್ಪುನೇರಳೆಯ ಸೊಪ್ಪಿನಿಂದಲೇ ಪಡೆಯಬೇಕು. 1959ರಲ್ಲಿ ಅದೇ ಬುಟೆನಾಂಟ್ ಸುಮಾರು 5 ಲಕ್ಷ ಹೆಣ್ಣು ಚಿಟ್ಟೆಗಳಿಂದ, ಗಂಡನ್ನು ಕರೆಯುವ ಗಂಧವಾದ ಬಾಂಬಿಕಾಲನ್ನು ಬೇರ್ಪಡಿಸಿದರು. ಅದು 16 ಇಂಗಾಲಗಳ ಒಂದು ಸರಪಳಿ. ಚಿಟ್ಟೆ ಅದನ್ನು ಕೊಬ್ಬಿನಾಮ್ಲದಿಂದಲೇ ಮಾಡಿಕೊಳ್ಳುತ್ತದೆ. ಬುತ್ತಿ, ಗೋಡೆ, ಆಜ್ಞೆ, ಕರೆಯೋಲೆ: ಒಂದೇ ಬಳಗಕ್ಕೆ ಎಷ್ಟು ಕೆಲಸಗಳು! ಅಣ್ಣನ ಹುಳುವಿನ ಮನೆಯಲ್ಲಿ ಇವೆಲ್ಲ ನಡೆಯುತ್ತಿದ್ದರೂ ನಾನು ಅರಿಯದೆ ಅಲ್ಲಿ ಬೆಳೆದಿದ್ದೆ.

ಅನಂತರ ನನ್ನ ಶಾಸ್ತ್ರಕ್ಕೆ ಮರಳಿದೆ. ಹಿಂದಿನವರು ಈ ಭೇದವನ್ನು ಅರಿಯದವರಲ್ಲ. ಚರಕ ಸಂಹಿತೆಯು ಘೃತ, ತೈಲ, ವಸಾ, ಮಜ್ಜಾ ಎಂದು ಸ್ನೇಹವನ್ನು ನಾಲ್ಕಾಗಿ ಹೇಳುತ್ತದೆ. ಜಿಡ್ಡಿಗೂ ಒಲವಿಗೂ ಸಂಸ್ಕೃತದಲ್ಲಿ ‘ಸ್ನೇಹ’ವೆಂಬ ಒಂದೇ ಶಬ್ದ. ಕನ್ನಡದಲ್ಲಿ ಎಳ್ಳಿನ ನೆಯ್ ‘ಎಣ್ಣೆ’, ಬಿಳಿಯ ನೆಯ್ ‘ಬೆಣ್ಣೆ’. ನಮ್ಮೂರಿನ ತೆಲುಗು ಮನೆಮಾತಿನವರು ತುಪ್ಪವನ್ನು ಇಂದಿಗೂ ‘ನೆಯ್ಯಿ’ ಎನ್ನುತ್ತಾರೆ. ಇಷ್ಟು ಸಂಪತ್ತಿದ್ದ ಭಾಷೆಯಿಂದ ನಾನು ಆರಿಸಿದ್ದು ‘ಕೊಬ್ಬು’ ಒಂದನ್ನೇ. ಆ ಶಬ್ದಕ್ಕೆ ಅಹಂಕಾರವೆಂಬ ಅರ್ಥವೂ ಉಂಟೆಂಬುದು ಆಗ ನನಗೆ ನೆನಪಾಗಲಿಲ್ಲ.

ನಾನು ಹೊರಗಿನದೆಂದು ಹೊಡೆದುಹಾಕಿದ ಶಬ್ದದ ಮೂಲವನ್ನೂ ಹುಡುಕಿದೆ. ಗ್ರೀಕಿನ ‘ಲಿಪೋಸ್’ ಎಂದರೆ ಜಿಡ್ಡು. ಭಾಷಾಶಾಸ್ತ್ರಜ್ಞರು ಅದನ್ನು ಸಂಸ್ಕೃತದ ‘ಲಿಪ್’ ಧಾತುವಿನ ಬಂಧುವೆಂದು ಹೇಳುತ್ತಾರೆ. ‘ಲೇಪ’ ಬಂದದ್ದು ಆ ಧಾತುವಿನಿಂದ. ದಿನವೂ ಬಳಸುವ ಶಬ್ದದ ದಾಯಾದಿಯನ್ನು ಮನೆಯ ಬಾಗಿಲಲ್ಲಿ ತಡೆದು ನಿಲ್ಲಿಸಿದ್ದೆನಲ್ಲ!

ಮರುದಿನ ಆ ಹುಡುಗನನ್ನು ಕರೆದು, ತರಗತಿಯ ಎಲ್ಲರ ಮುಂದೆ ತಪ್ಪು ನನ್ನದೆಂದು ಹೇಳಿದೆ. ಆತನು ತಲೆ ತಗ್ಗಿಸಿ, “ಪ್ರಬಂಧದಲ್ಲಿ ಕಾಗುಣಿತದ ತಪ್ಪುಗಳೂ ಇದ್ದವು ಗುರುಗಳೇ, ಅವನ್ನು ನೀವೇ ತಿದ್ದಿದಿರಿ” ಎಂದನು. ನನ್ನನ್ನು ಸಂಕೋಚದಿಂದ ಪಾರುಮಾಡಲೆಂದೇ ಆಡಿದ ಮಾತದು. ಇಂದು ಆತ ರೇಷ್ಮೆ ಶಾಸ್ತ್ರವನ್ನು ಓದುತ್ತಿದ್ದಾನೆ. ಅಂದಿನಿಂದ ವಿಜ್ಞಾನದ ಬರಹವೊಂದು ತಿದ್ದುಪಡಿಗೆ ಬಂದರೆ, ಲೇಖನಿ ಎತ್ತುವ ಮೊದಲು ಬರೆದವನನ್ನು ಎದುರಿಗೆ ಕೂರಿಸಿಕೊಂಡು, “ಇದರ ಅರ್ಥವನ್ನು ನನಗೆ ಹೇಳಪ್ಪ” ಎಂದು ಕೇಳುತ್ತೇನೆ.